ಕಾರಿಗೊಂದು ಗವಸು

ಗವಸಿಲ್ಲದ ವಸ್ತುವಿಗೆ ಮರ್ಯಾದೆಯಿಲ್ಲ ಎಂದು ನಂಬಿದ ಮನೆಯಲ್ಲಿ ಬೆಳೆದವನು ನಾನು. ಧಾರವಾಡದ ನಮ್ಮ ಮನೆಯಲ್ಲಿ ತಂಬೂರಿಗೆ ಗವಸು, ಹಾರ್ಮೋನಿಯಮ್ಮಿಗೆ ಗವಸು, ಹೊಲಿಗೆ ಮಶಿನ್ನಿಗೆ ಗವಸು. ರೇಡಿಯೋದ ಮೇಲೆ ಅವ್ವ ಕ್ರೋಶಾದಲ್ಲಿ ಹೆಣೆದ ಜಾಳಿಗೆ. ಮುಂದೆ ಟೀವಿ ಬಂದಾಗ ಅದಕ್ಕೆ ನಾಟಕದ ಪರದೆಯಂತೆ ಎರಡು ಪಾಲಾಗಿ ಸರಿಯುವ ಬಟ್ಟೆ. ಫ್ರಿಜ್ಜಿನ ತಲೆಗೂ ಟೊಪ್ಪಿಗೆ, ಅದರ ಹಿಡಿಕೆಗೂ ಕುಲಾವಿ. ಹೀಗಿರುವಾಗ ಅಹಮದಾಬಾದಿನ ಚಾಂದ್‌ಖೇಡಾದಲ್ಲಿ, ಶೆಡ್ಡಿನೊಳಗೆ ಷಟರ್ ಎಳೆದು ನಿಲ್ಲಿಸಿದ ಕಾರಿಗೂ ಒಂದು ಗವಸು ಬೇಕು ಎಂದು ನನಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯಪಟ್ಟವರು ಪಕ್ಕದ ಮನೆಯ ಕಾಕಾ. ‘ಛತ್ ಛೇ ನೇ? ಪಛೀ ಕವರ್ ಶಾ ಮಾಟೇ?’ ಎಂದರು. ತಲೆಯ ಮೇಲೆ ಸೂರಿದೆ, ಮತ್ತೇಕೆ ಹೊದಿಕೆ? ಲೆಕ್ಕ ಬಲ್ಲ ಗುಜರಾತಿ ಕೇಳುವ ಪ್ರಶ್ನೆಗೆ ಉಡಾಫೆಯ ಉತ್ತರ ನಡೆಯುವುದಿಲ್ಲ.

ಉತ್ತರ ನೆಲದ ಮೇಲೆಯೇ ಬಿದ್ದಿತ್ತು: ಧೂಳು. 1618ರಲ್ಲಿ ಜಹಾಂಗೀರ್ ಇಲ್ಲಿ ತಂಗಿದ್ದಾಗ ಬಿಸಿಗಾಳಿ, ಧೂಳು, ಜ್ವರಗಳಿಗೆ ರೋಸಿಹೋಗಿ, ಈ ಊರನ್ನು ಗರ್ದಾಬಾದ್, ಅಂದರೆ ಧೂಳೂರು, ಎನ್ನಲೋ ಜಹನ್ನುಮಾಬಾದ್, ಅಂದರೆ ನರಕದೂರು, ಎನ್ನಲೋ ಎಂದು ತನ್ನ ಆತ್ಮಕಥನದಲ್ಲಿ ಬರೆದಿಟ್ಟಿದ್ದಾನೆ. ಚಕ್ರವರ್ತಿಯ ಸಿಟ್ಟು ಸ್ವಲ್ಪ ಅತಿಯಾಯಿತು ನಿಜ. ಆದರೆ ಏಪ್ರಿಲ್ ಮೇ ತಿಂಗಳಲ್ಲಿ ಪೊರಕೆ ಹಿಡಿದವರಾರೂ ಅವನನ್ನು ಪೂರ್ತಿ ತಳ್ಳಿಹಾಕಲಾರರು. ನಮ್ಮ ಚಾಂದ್‌ಖೇಡಾ ಇರುವುದು ಊರಿನ ಉತ್ತರದ ಅಂಚಿನಲ್ಲಿ, ಸಾಬರಮತಿಯಿಂದ ಗಾಂಧಿನಗರಕ್ಕೆ ಹೋಗುವ ಹಾದಿಯಲ್ಲಿ. ಓಎನ್‌ಜಿಸಿಯ ಕಚೇರಿ, ವಿಶ್ವಕರ್ಮ ಇಂಜಿನಿಯರಿಂಗ್ ಕಾಲೇಜು, ಸಾಲು ಸಾಲು ಟೆನಮೆಂಟು ಮನೆಗಳು, ಅವುಗಳ ನಡುವೆ ಎದ್ದುನಿಲ್ಲುತ್ತಿರುವ ಫ್ಲ್ಯಾಟುಗಳು. ಒಂದು ಕಟ್ಟಡ ಮುಗಿಯುವಷ್ಟರಲ್ಲಿ ಇನ್ನೊಂದಕ್ಕೆ ಪಾಯ ತೋಡುತ್ತಾರೆ. ಮೋಟೇರಾದಿಂದ ಗಾಂಧಿನಗರಕ್ಕೆ ಮೆಟ್ರೋ 2024ರ ಸೆಪ್ಟೆಂಬರಿನಲ್ಲಿ ಓಡತೊಡಗಿತು. ಅದಕ್ಕೆ ಮೊದಲು ಅದರ ಕಂಬಗಳ ಧೂಳನ್ನು ನಾವು ಕುಡಿದೆವು. ಷಟರಿನ ಕೆಳಗಿನ ಸಂದು, ಮೇಲಿನ ಜಾಲಂದ್ರ, ಇಷ್ಟೇ ಸಾಕು ಅದಕ್ಕೆ. ಸಂಜೆ ಒರೆಸಿಟ್ಟ ಬಾನೆಟ್ಟಿನ ಮೇಲೆ ಬೆಳಿಗ್ಗೆ ಬೆರಳಾಡಿಸಿದರೆ ರಾಗಿ ಹಿಟ್ಟಿನಷ್ಟು ನುಣುಪಾದ, ಆದರೆ ಹಿಟ್ಟಿನಂತೆ ಮೆತ್ತಗಿರದ ಒಂದು ಪುಡಿ ಹತ್ತುತ್ತದೆ. ಎರಡು ಬೆರಳ ನಡುವೆ ತಿಕ್ಕಿ ನೋಡಿ, ಕಿರಕಿರ ಎನ್ನುತ್ತದೆ. ಅದು ಮರಳು.

ಆ ಕಿರಕಿರದ ಅರ್ಥವನ್ನು ನನಗೆ ತಿಳಿಸಿಕೊಟ್ಟವನು ಹುಬ್ಬಳ್ಳಿಯಿಂದ ಬಂದ ಸೋದರಳಿಯ. 2025ರ ಜೂನ್ 3ರಂದು ನಮ್ಮ ಮನೆಗೆ ಹತ್ತಿರದ ಮೋಟೇರಾದ ನರೇಂದ್ರ ಮೋದಿ ಸ್ಟೇಡಿಯಮ್ಮಿನಲ್ಲಿ ಐಪಿಎಲ್ ಫೈನಲ್. ಲಕ್ಷಕ್ಕೂ ಮೀರಿ ಜನ ಹಿಡಿಸುವ ಮೈದಾನವದು. ಮ್ಯಾಚಿನ ದಿನ ನಮ್ಮ ಗಲ್ಲಿಗಳೆಲ್ಲ ಪಾರ್ಕಿಂಗ್ ಲಾಟುಗಳಾಗುತ್ತವೆ. ಟಿಕೆಟು ಜೇಬಿನಲ್ಲಿಟ್ಟುಕೊಂಡು ಹೊರಡುವಾಗ ಆ ಹುಡುಗ ಶೆಡ್ಡಿಗೆ ನುಗ್ಗಿ, ಧೂಳು ಹಿಡಿದಿದ್ದ ನನ್ನ ಕಡುನೀಲಿ ಮಾರುತಿ 800ರ ಬಾನೆಟ್ಟಿನ ಮೇಲೆ ತೋರುಬೆರಳಿನಿಂದ ‘ಈ ಸಲ ಕಪ್ ನಮ್ದೇ’ ಎಂದು ಬರೆದ. ಒತ್ತಕ್ಷರ ಸಮೇತ, ದುಂಡಗೆ. ಆರು ರನ್ನಿನಿಂದ ಪಂಜಾಬನ್ನು ಸೋಲಿಸಿ ಬೆಂಗಳೂರಿನವರು ಹದಿನೆಂಟನೆಯ ಸೀಸನ್ನಿನಲ್ಲಿ ಕೊನೆಗೂ ಕಪ್ ಎತ್ತಿದರು. ಮರುದಿನ ಕಾರು ತೊಳೆದೆ. ಧೂಳು ಹೋಯಿತು, ಅಕ್ಷರ ಹೋಗಲಿಲ್ಲ. ಓರೆ ಬಿಸಿಲಿಗೆ ಹಿಡಿದು ನೋಡಿದರೆ ಬಣ್ಣದ ಮೇಲೆ ಕೂದಲೆಳೆಯಂಥ ಗೆರೆಗಳಲ್ಲಿ ಸ್ವಚ್ಛ ಕನ್ನಡ! ಬೆರಳಿನ ಕೆಳಗೆ ಸಿಕ್ಕ ಮರಳು ಉಳಿಯ ಕೆಲಸ ಮಾಡಿತ್ತು. ‘ಕಪ್ ಬಂತಲ್ರೀ ಮಾಮಾ, ಗೆರಿ ಇರ್ಲಿ ಬಿಡ್ರಿ’ ಎಂದ ಅವನು. ಇರಲಿ ಬಿಟ್ಟೆ. ಆದರೆ ಕಾರ್ಖಾನೆಯಿಂದ ಬರುವ ಕಾರಿನ ಬಣ್ಣ ಎಲ್ಲ ಪದರ ಸೇರಿಸಿದರೂ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸು. ದಿನಾ ಬೆಳಿಗ್ಗೆ ಒಣ ಬಟ್ಟೆಯಿಂದ ಕಾರು ಒರೆಸುವ ನಾವೆಲ್ಲ ಆ ಹುಡುಗನ ಕೆಲಸವನ್ನೇ ಮಾಡುತ್ತೇವೆ, ಅಕ್ಷರವಿಲ್ಲದೆ.

ಕಾಕಾನಿಗೆ ಆ ಗೆರೆಗಳನ್ನು ತೋರಿಸಿದ ಮೇಲೆ ಅವರೇ ನನ್ನನ್ನು ಅಂಗಡಿಗೆ ಕರೆದೊಯ್ದರು.

ಕಾರಿನ ಕವರು ಮಾರುವವನ ಅಂಗಡಿ ಎಂದರೆ ಸೀರೆ ಅಂಗಡಿಯ ತಮ್ಮ. ಅದೇ ಬಿಳಿ ಗಾದಿ, ಅದೇ ಎಸೆದು ಬಿಚ್ಚುವ ಗತ್ತು. ಸಿಲ್ವರ್ ಮ್ಯಾಟಿ, ಪ್ಯಾರಾಶೂಟ್, ಮಿಲಿಟರಿ ಪ್ರಿಂಟು, ಕನ್ನಡಿಗೆ ಕಿವಿ ಇರುವುದು, ಇಲ್ಲದ್ದು, ಹೊಟ್ಟೆಯ ಕೆಳಗೆ ಪಟ್ಟಿ ಬಿಗಿಯುವುದು, ಅಂಚಿಗೆ ಎಲಾಸ್ಟಿಕ್ ಇರುವುದು. ‘ಸೂರತ್ತಿನ ಮಾಲು, ನೋಡಿ’ ಎಂದು ಬಟ್ಟೆಯನ್ನು ಬೊಗಸೆ ಮಾಡಿ ಅದರೊಳಗೆ ಒಂದು ಲೋಟ ನೀರು ಸುರಿದ. ಒಂದು ಹನಿ ಇಳಿಯಲಿಲ್ಲ. ಕಾಕಾ ತಲೆದೂಗಿದರು. ನನಗೆ ಮಾತ್ರ ಆ ನೀರಿನ ಬಗ್ಗೆಯೇ ಚಿಂತೆಯಾಯಿತು. ಹೊರಗಿನ ಹನಿ ಒಳಗೆ ಬಾರದಿದ್ದರೆ, ಒಳಗಿನ ಹನಿ ಹೊರಗೆ ಹೇಗೆ ಹೋಗಬೇಕು?

ರಸ್ತೆಯ ಮೇಲೆ ನಿಲ್ಲುವ ಕಾರಿಗೆ ಆ ಬೆಳ್ಳಿಯ ಬಟ್ಟೆ ಸರಿ. 2016ರ ಮೇ ತಿಂಗಳಲ್ಲಿ ಈ ಊರಿನಲ್ಲಿ 48 ಡಿಗ್ರಿ ಸುಟ್ಟಿತ್ತು. ಅಂಥ ಬಿಸಿಲನ್ನು ಮುಖಕ್ಕೆ ಹೊಡೆದಂತೆ ಹಿಂದಕ್ಕೆ ಕಳಿಸಲು ಬೆಳ್ಳಿಬಣ್ಣ ಬೇಕು. ಮಳೆಗೆ ಅದು ಬೇಕು, ಪಾರಿವಾಳಕ್ಕಂತೂ ಬೇಕೇ ಬೇಕು. ಗುಜರಾತಿನವರು ಪೋಳುಗಳಲ್ಲಿ, ಅಂದರೆ ಹಳೇ ಊರಿನ ಓಣಿಗಳಲ್ಲಿ, ಹಕ್ಕಿಗಳಿಗೆಂದೇ ಚಬೂತರಾ ಕಟ್ಟೆ ಕಟ್ಟಿಸಿ ಕಾಳು ಹಾಕಿ ಸಾಕಿದ ಪಾರಿವಾಳಗಳ ಸಂತಾನ ಈಗ ಊರ ಕಾರುಗಳ ಮೇಲೆಲ್ಲ ಸಹಿ ಮಾಡುತ್ತದೆ, ಆ ಸಹಿಯ ಆಮ್ಲ ಬಣ್ಣವನ್ನು ತಿನ್ನುತ್ತದೆ. ಆದರೆ ನನ್ನ ಶೆಡ್ಡಿನೊಳಗೆ ಬಿಸಿಲಿಲ್ಲ, ಮಳೆಯಿಲ್ಲ, ಜಾಲಂದ್ರಕ್ಕೆ ಬಲೆ ಹೊಡೆಸಿದ್ದೇನೆ. ಅಲ್ಲಿರುವುದು ಧೂಳು ಮತ್ತು ಜುಲೈ ಬಂತೆಂದರೆ ತೇವ. ಮಳೆಯಲ್ಲಿ ನೆನೆದು ಬಂದ ಕಾರಿಗೆ ನೀರು ಬಿಡದ ಬಟ್ಟೆ ಹೊದಿಸಿದರೆ ಆ ಒದ್ದೆ ಆವಿಯಾಗಿ ಏಳುತ್ತದೆ, ದಾರಿ ಕಾಣದೆ ಬಟ್ಟೆಯ ಒಳಮೈಗೆ ಹತ್ತಿ ಮತ್ತೆ ಕಾರಿನ ಮೇಲೆಯೇ ಇಳಿಯುತ್ತದೆ. ಎದುರು ಸಾಲಿನ ಮನೆಯೊಂದರ ಸೆಡಾನು ಹೀಗೆ ಒಂದು ಇಡೀ ಮಳೆಗಾಲ ಶೆಡ್ಡಿನೊಳಗೆ ಬೆಳ್ಳಿ ಹೊದ್ದು ಮಲಗಿತ್ತು. ಬಿಚ್ಚಿದಾಗ ಬ್ರೇಕ್ ಡಿಸ್ಕುಗಳು ಕೆಂಪಾಗಿದ್ದವು, ಸ್ಟೇರಿಂಗಿನ ಮೇಲೆ ಬೂಷ್ಟು, ಒಳಗೆ ಹಳೇ ಗೋಣಿಚೀಲದ ವಾಸನೆ.

ಹಾಗಾಗಿ ಸೂರತ್ತನ್ನು ಬಿಟ್ಟು ಅಹಮದಾಬಾದನ್ನು ಹಿಡಿದೆ, ಅಂದರೆ ಪಾಲಿಯೆಸ್ಟರ್ ಬಿಟ್ಟು ಹತ್ತಿ. 1861ರಲ್ಲಿ ರಣಛೋಡ್‌ಲಾಲ್ ಛೋಟಾಲಾಲರು ಇಲ್ಲಿ ಮೊದಲ ಗಿರಣಿ ಹಾಕಿದಂದಿನಿಂದ ನೂರು ವರ್ಷಕ್ಕೂ ಮಿಕ್ಕಿ ಹತ್ತಿಯನ್ನೇ ಉಂಡುಟ್ಟ ಊರಿದು. ಗಿರಣಿಗಳ ಚಿಮಣಿಗಳು ಬಹುಪಾಲು ತಣ್ಣಗಾಗಿವೆ, ಬಟ್ಟೆ ಮಾರುಕಟ್ಟೆ ಇನ್ನೂ ಬಿಸಿಯಾಗಿದೆ. ನಾನು ಕೇಳಿದ್ದು ಮಾದರ್‌ಪಾಟ್, ನಮ್ಮ ಕಡೆಯ ಮಾಂಜರಪಾಟ. ಒತ್ತು ನೆಯ್ಗೆಯ, ಬಿಳುಪು ಮಾಡದ ದಪ್ಪ ಹತ್ತಿ ಬಟ್ಟೆ. ಒಳಮೈಗೆ ಫ್ಲಾನೆಲ್. ಬಿಲ್ಲು ನೋಡಿ ಮನೆಯಾಕೆ, ‘ಇಷ್ಟ್ ರೊಕ್ಕಾ ಸುರಿಯೂದಕ್ಕಿಂತ ನನ್ನ ಹಳೇ ಸೀರಿ ಕೊಡತೀನಿ, ಒಂದು ಕೌದಿನೇ ಹೊಲಿಸಿಬಿಡ್ರೀ’ ಎಂದಳು. ವ್ಯಂಗ್ಯವೆಂದು ಹೇಳಿದ್ದರೂ ಮಾತು ಸರಿಯಾಗಿತ್ತು: ಮೆತ್ತಗೆ, ಗಾಳಿಯಾಡುವಂತೆ, ತೊಳೆಯಲು ಬರುವಂತೆ.

ಹೊಲಿದವನು ಶಾಮಿಯಾನ ಹೊಲಿಯುವ ದರ್ಜಿ. 800ರ ಉದ್ದ 3335 ಮಿಲಿಮೀಟರ್, ಅಗಲ 1440, ಎತ್ತರ 1405 ಎಂದು ಪುಸ್ತಕ ನೋಡಿ ಬರೆದುಕೊಟ್ಟೆ. ಚೀಟಿಯನ್ನು ಮಡಚಿ ಕಿವಿಗೆ ಸಿಕ್ಕಿಸಿಕೊಂಡು, ಕಾರಿನ ಸುತ್ತ ತಾನೇ ಟೇಪು ಹಿಡಿದು ಇಂಚಿನಲ್ಲಿ ಅಳೆದ. ‘ಸಾಹೇಬ್, ಇಂಥ ಗಿರಾಕಿ ಒಳ್ಳೆಯದು. ಹೊಟ್ಟೆ ಬರುವುದಿಲ್ಲ’ ಎಂದ. ಬಲ್ಲವನು, ಕತ್ತರಿ ಹಾಕುವ ಮೊದಲು ಬಟ್ಟೆಯನ್ನು ನೀರಿನಲ್ಲಿ ಅದ್ದಿ ಒಣಗಿಸಿ ತರಲು ಹೇಳಿದ, ಗಂಜಿ ಹೋಗಲಿ, ಕುಗ್ಗುವುದೆಲ್ಲ ಈಗಲೇ ಕುಗ್ಗಲಿ ಎಂದು. ಹೊಲಿಗೆಯ ಉಬ್ಬನ್ನು ಹೊರಮೈಗೆ ತಂದ, ಬಣ್ಣಕ್ಕೆ ತಾಗದಂತೆ. ನನಗೆ ಬೇಡವೆನಿಸಿದ ಜಿಪ್ಪು, ಬಕಲು, ಕಬ್ಬಿಣದ ಕಣ್ಣುಗಳು ಅವನಿಗೂ ಬೇಡವೆನಿಸಿದವು. ಅಂಚಿಗೆ ಎಲಾಸ್ಟಿಕ್ಕು, ಕನ್ನಡಿಗೆರಡು ಕಿವಿ, ಅಷ್ಟೇ.

ಹತ್ತಿಗೂ ಕೆಟ್ಟ ಗುಣಗಳಿವೆ, ಮುಚ್ಚಿಡಬಾರದು. ಒದ್ದೆಯಾದರೆ ಹೆಣಭಾರ, ಮತ್ತು ಇಲಿಗಳಿಗೆ ಅದು ಬಾಣಂತಿಕೋಣೆ. ಗವಸು ಹಾಕಿಟ್ಟು ಕಾರನ್ನು ಮರೆತರೆ ವೈರು ಕಡಿದು ಹೋಗುತ್ತದೆ, ಬಿಲ್ಲು ಗವಸಿನ ಹತ್ತು ಪಾಲು. ಕಾರು ಓಡುತ್ತಿರಬೇಕು. ಊರಿನ ಪೂರ್ವಕ್ಕೆ ಕಠವಾಡಾದಲ್ಲಿ ಪ್ರಾಣ್‌ಲಾಲ್ ಭೋಗೀಲಾಲರು ಕೂಡಿಹಾಕಿದ ನೂರಕ್ಕೂ ಹೆಚ್ಚು ಹಳೇ ಕಾರುಗಳ ಸಂಗ್ರಹಾಲಯವಿದೆ. ಅಲ್ಲಿಯ ರೋಲ್ಸ್ ರಾಯ್ಸ್‌ಗಳಿಗೆ ಆಳುಕಾಳಿದ್ದಾರೆ, ನನ್ನ 800ಕ್ಕೆ ನಾನೊಬ್ಬನೇ. ಈ ಬಡವನ ಕಾರಿನ ತಯಾರಿ 2014ರಲ್ಲಿ ನಿಂತಿತು. 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಇಂದಿರಾ ಗಾಂಧಿಯವರ ಕೈಯಿಂದ ಹರ್‌ಪಾಲ್ ಸಿಂಗ್ ಕೀಲಿ ಪಡೆದ ಮೊಟ್ಟಮೊದಲ ಮಾರುತಿ ಕೂಡ, ಹರ್‌ಪಾಲ್ ತೀರಿಕೊಂಡ ಮೇಲೆ ಬಯಲಿನಲ್ಲಿ ನಿಂತು ತುಕ್ಕು ಹಿಡಿದಿತ್ತು. ಆಮೇಲೆ ಅದನ್ನು ಕಂಪನಿಯೇ ಮತ್ತೆ ಹೊಸದರಂತೆ ಮಾಡಿಸಿ ಪ್ರದರ್ಶನಕ್ಕಿಟ್ಟಿದೆ. ನನ್ನದನ್ನು ಯಾವ ಕಂಪನಿಯೂ ಕೇಳಿಕೊಂಡು ಬರುವುದಿಲ್ಲ.

ನಿಮ್ಮ ಕಾರೂ ಶೆಡ್ಡಿನೊಳಗೆ ನಿಲ್ಲುವುದಾದರೆ ಅಂಗಡಿಯವನು ನೀರಿನ ಲೋಟ ಎತ್ತಿದ ಕೂಡಲೇ ಎದ್ದುಬನ್ನಿ. ಹತ್ತಿಯದನ್ನು ಹೊಲಿಸಿ. ಇಂಜಿನು, ಸೈಲೆನ್ಸರು ಆರಿದ ಮೇಲೆ, ಕಾರು ತೊಳೆದು ಒಣಗಿದ ಮೇಲೆ ಹೊದಿಸಿ; ಧೂಳಿನ ಮೇಲೆ ಹೊದಿಸಿ ಎಳೆದಾಡಿದರೆ ಗವಸೇ ಉಪ್ಪುಕಾಗದವಾಗುತ್ತದೆ. ತೆಗೆಯುವಾಗ ಎರಡೂ ಪಕ್ಕದಿಂದ ಒಳಕ್ಕೆ ಮಡಚುತ್ತ ಬನ್ನಿ, ಮೇಲಿನ ಧೂಳು ಮಡಿಕೆಯೊಳಗೇ ಉಳಿಯುತ್ತದೆ. ಮತ್ತು ತಿಂಗಳಿಗೊಮ್ಮೆ ಒಗೆಯಿರಿ, ಮನೆಯವರ ಬಟ್ಟೆಯ ಜೊತೆ ಮಾತ್ರ ಬೇಡ.