ಪರನಾಡಿನಲ್ಲಿ ಚೆಂಡೆತ್ತುವುದು

ಪುಣೆಯ ಬಾಲೇವಾಡಿಯಲ್ಲಿ, ಶಿವಛತ್ರಪತಿ ಕ್ರೀಡಾಸಂಕುಲಕ್ಕೆ ಅನತಿದೂರದಲ್ಲಿರುವ ಒಂದು ಮಣ್ಣಿನ ಅಂಕಣದಲ್ಲಿ, ಕಳೆದ ವಾರದ ಒಂದು ಸಂಜೆ, ನಾನು ಬೆನ್ನ ಹಿಂದಕ್ಕೆ ಎತ್ತಿದ ಚೆಂಡನ್ನು ನಮ್ಮ ತಂಡದ ಎಡಗೈ ಹೊಡೆತಗಾರನು ತನ್ನ ನೆಗೆತದ ತುತ್ತತುದಿಯಲ್ಲಿ ಸಂಧಿಸಿ ಎದುರಾಳಿಗಳ ಮೂಲೆಗೆ ಅಪ್ಪಳಿಸಿದನು. ಸದ್ದು ಕೇಳಿದ ಮೇಲೆಯೇ ನಾನು ತಿರುಗಿ ನೋಡಿದ್ದು. ಚೆಂಡೆತ್ತಿಕೊಡುವ ಸೆಟ್ಟರನಾದವನಿಗೆ ಇದಕ್ಕಿಂತ ಹಿರಿದಾದ ಸುಖವನ್ನು ವಾಲಿಬಾಲ್ ಕೊಡಲಾರದೆಂದು ನನ್ನ ದೃಢವಾದ ನಂಬಿಕೆ. ಕಾಣದ ಮನುಷ್ಯನ ಕೈಗೆ ಚೆಂಡನ್ನು ಮುಟ್ಟಿಸಿದೆನೆಂಬ ತೃಪ್ತಿ ಅದು. ಮಳೆಗಾಲ ಮುಗಿದಂದಿನಿಂದ ನಾವಿಬ್ಬರೂ ಅದಕ್ಕಾಗಿ ಬೆವರಿದ್ದೆವು.

ಬಂಟ್ವಾಳದ ಸುತ್ತಲಿನ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ಆಡಿ ಬೆಳೆದ ನಾನು ಸಂಭಾವನೆಗೆ ಒಪ್ಪಿ ಈ ಮರಾಠಿ ತಂಡವನ್ನು ಸೇರಿದವನು. ಭಾಷೆಯ ತೊಡಕು ಬೇಗನೆ ಕಳೆಯಿತು. ಕಳೆಯದೆ ಉಳಿದದ್ದು ಆಟದ ಅಭ್ಯಾಸಭೇದ. ಇಲ್ಲಿಯ ಹುಡುಗರಲ್ಲಿ ಹಲವರು ತಂತಮ್ಮ ಹಳ್ಳಿಗಳಲ್ಲಿ ಶೂಟಿಂಗ್ ವಾಲಿಬಾಲ್ ಆಡಿ ಬಂದವರು. ಎತ್ತಿಕೊಟ್ಟು ಹೊಡೆಯುವ ಕ್ರಮಕ್ಕೆ ಅಲ್ಲಿ ಪ್ರಾಧಾನ್ಯವಿಲ್ಲ. ಬಂದ ಚೆಂಡನ್ನು ನೇರವಾಗಿ ಬಲೆಯಾಚೆಗೆ ಬಾರಿಸುವುದರಲ್ಲಿಯೇ ಅದರ ಸೊಗಸು. ಆದಕಾರಣ ಇವರ ಭುಜಗಳಲ್ಲಿ ಅಪಾರವಾದ ಬಲವಿದೆ, ಎದುರಿನಿಂದ ಬರುವ ಚೆಂಡನ್ನು ಗುರುತಿಸುವ ಕಣ್ಣಿದೆ; ಪಕ್ಕದಿಂದ ತೇಲಿ ಬರುವ ಚೆಂಡಿಗಾಗಿ ಒಂದು ಕ್ಷಣ ಕಾಯುವ ಸಹನೆ ಮಾತ್ರ ಆಮೇಲೆ ಕಲಿಯಬೇಕಾದದ್ದು.

ಆ ಕ್ಷಣವನ್ನು ಅಳೆಯುವುದಕ್ಕೆ ನನಗೆ ಒಂದು ಉಪಾಯವಿದೆ, ಅದರ ಮೇಲೆ ಅತಿಶಯವಾದ ಮೋಹವೂ ಇದೆ. ಚೆಂಡು ನನ್ನ ಬೆರಳಿಗೆ ಇಳಿಯುತ್ತಿರುವಾಗ ನನ್ನ ಕಣ್ಣು ಚೆಂಡಿನ ಮೇಲೆ ಇರಲೇಬೇಕು. ಕಿವಿಗೆ ಆ ನಿರ್ಬಂಧವಿಲ್ಲ. ಹೊಡೆತಗಾರನ ಓಟದಲ್ಲಿ ಕಡೆಯ ಎರಡು ಹೆಜ್ಜೆಗಳು ಮೊದಲಿನವುಗಳಿಗಿಂತ ಶೀಘ್ರವೂ ಭಾರವೂ ಆಗಿರುತ್ತವೆ. ಮಣ್ಣಿನ ಅಂಕಣದಲ್ಲಿ ಅವು ದಡ್ ದಡ್ ಎಂದು ಸ್ಪಷ್ಟವಾಗಿ ಕೇಳಿಸುತ್ತವೆ. ಒಬ್ಬನು ನಾನು ಚೆಂಡನ್ನು ಮುಟ್ಟುವ ಮೊದಲೇ ಆ ಹೆಜ್ಜೆಗಳನ್ನು ಇಟ್ಟುಬಿಡುತ್ತಾನೆ; ಅವನಿಗೆ ತಗ್ಗಿನ, ಚುರುಕಾದ ಚೆಂಡು ಬೇಕು. ಇನ್ನೊಬ್ಬನು ಚೆಂಡು ಏರಿ ನಿಂತ ಮೇಲೆ ಹೊರಡುತ್ತಾನೆ. ಅವನಿಗೆ ಬಲೆಯಿಂದ ಒಂದೂವರೆ ಮೊಳ ದೂರದಲ್ಲಿ, ನಿಧಾನವಾಗಿ ಇಳಿಯುವ ಚೆಂಡೇ ಹಿತ. ನಮ್ಮ ಎಡಗೈಯವನದು ಬೇರೊಂದು ಲೆಕ್ಕ. ನನ್ನ ಬೆನ್ನ ಹಿಂದಿನ ಬಲತುದಿಯಲ್ಲಿ ಅವನು ನೆಗೆಯುವಾಗ ಚೆಂಡು ಅವನ ಹೊಡೆಯುವ ಕೈಯ ಕಡೆಯಿಂದಲೇ ಬರುತ್ತದೆಯಾಗಿ, ಬಲಗೈಯವನಿಗೆ ಎತ್ತಿದಷ್ಟು ಉದ್ದಕ್ಕೆ ಎತ್ತಿದರೆ ಅದು ಅವನ ಭುಜವನ್ನು ದಾಟಿಹೋಗುತ್ತದೆ. ಈ ಅಂತರವನ್ನು ಯಾವ ತರಬೇತುದಾರನೂ ಬಾಯಲ್ಲಿ ಹೇಳಿಕೊಡಲಾರನು. ಒಂದೇ ಅಂಕಣದಲ್ಲಿ ಸಂಜೆಯಿಂದ ಸಂಜೆಗೆ ಜೊತೆಯಾಗಿ ದುಡಿದು ಬೆರಳುಗಳೇ ಅದನ್ನು ಅರಿತುಕೊಳ್ಳಬೇಕು.

ಹೀಗಿರುವಲ್ಲಿ, ಎಲ್ಲರಿಗೂ ಒಂದೇ ಚೆಂಡನ್ನು, ಕಂಬದ ಬಳಿಗೆ, ಮುಗಿಲೆತ್ತರಕ್ಕೆ ಎತ್ತಿಕೊಟ್ಟು ತಮ್ಮ ಕೆಲಸ ಮುಗಿಯಿತೆಂದು ಕೈತೊಳೆದುಕೊಳ್ಳುವ ಸೆಟ್ಟರುಗಳನ್ನು ಕಂಡಾಗ ನನಗೆ ಸಮಾಧಾನವಿರುವುದಿಲ್ಲ. ಎತ್ತರದ ಚೆಂಡು ಸುರಕ್ಷಿತವೆಂಬುದು ಅವರ ವಾದ. ಯಾರಿಗೆ ಸುರಕ್ಷಿತ? ಎತ್ತಿದವನಿಗೆ! ಆ ಚೆಂಡು ಇಳಿಯುವಷ್ಟರಲ್ಲಿ ಎದುರು ಪಕ್ಷದ ಇಬ್ಬರು, ಕೆಲವೊಮ್ಮೆ ಮೂವರು, 2.43 ಮೀಟರಿನ ಬಲೆಯ ಮೇಲೆ ಕೈಗಳ ಗೋಡೆಯನ್ನೇ ಕಟ್ಟಿರುತ್ತಾರೆ. ಅದಕ್ಕೆ ಬಡಿದು ಮರಳುವ ಚೆಂಡಿನ ಅಪಯಶಸ್ಸು ಹೊಡೆತಗಾರನ ಹೆಸರಿಗೆ ಬೀಳುತ್ತದೆ. ತರಬೇತುದಾರ ಮತ್ಸುದೈರ ಅವರ ಶಿಕ್ಷಣದಲ್ಲಿ ಜಪಾನೀಯರು 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಸ್ವರ್ಣಪದಕವನ್ನು ಗೆದ್ದದ್ದು ಎತ್ತರದ ದೇಹಗಳಿಂದಲ್ಲ, ನೆಕೋಡ ಎಂಬ ಸೆಟ್ಟರನ ಬೆರಳುಗಳಿಂದ ಹೊರಟ ಕ್ಷಿಪ್ರವಾದ, ಗೋಡೆ ಕಟ್ಟಲು ಅವಕಾಶವನ್ನೇ ಕೊಡದ ಚೆಂಡುಗಳಿಂದ. ಪಂಕ್ತಿಯಲ್ಲಿ ಬಡಿಸುವವನು ಎಲೆಯ ಮುಂದೆ ಕುಳಿತವನ ಮುಖ ನೋಡಿ ಬಡಿಸಬೇಕಲ್ಲದೆ ಸೌಟು ತುಂಬಿದೆಯೆಂದು ಸುರಿಯಬಾರದು.

ಸೆಟ್ಟರುಗಳನ್ನೇ ದೂಷಿಸಿ ಏನು ಪ್ರಯೋಜನ? ಅವರನ್ನು ಹಾಗೆ ಮಾಡಿದವರು ಪಂದ್ಯಾಟಗಳಿಗೆ ತಂಡ ಕಟ್ಟುವ ಮಹನೀಯರು. ನಮ್ಮ ಕರಾವಳಿಯಲ್ಲಿಯೂ ಇಲ್ಲಿಯೂ ಕಾಣುವ ಪದ್ಧತಿ ಒಂದೇ: ಸಾಯಂಕಾಲ ಬಸ್ಸಿನಿಂದ ಇಳಿದ ಅತಿಥಿ ಆಟಗಾರನನ್ನು ರಾತ್ರಿ ಅಂಕಣಕ್ಕೆ ಇಳಿಸುವುದು, ಬೆಳಗಿನ ಜಾವಕ್ಕೆ ಲಕೋಟೆ ಕೊಟ್ಟು ಬೀಳ್ಕೊಡುವುದು. ಹೊಡೆತಗಾರರ ಹೆಸರನ್ನೇ ತಿಳಿಯದವನು ಅವರ ಹೆಜ್ಜೆಯನ್ನು ತಿಳಿಯುವುದೆಂತು? 2022ರಲ್ಲಿ ಆರಂಭವಾದ ಪ್ರೈಮ್ ವಾಲಿಬಾಲ್ ಲೀಗಿನಲ್ಲಿಯೂ ನನಗೆ ಇದೇ ಅಸಮಾಧಾನ. ವಿದೇಶದ ಆಟಗಾರರನ್ನು ಕರೆಸಿದ್ದು ಒಳ್ಳೆಯದೆ. ಆದರೆ 25 ಅಂಕಗಳ ಸೆಟ್ಟನ್ನು 15ಕ್ಕೆ ಇಳಿಸಿದುದು ಅನ್ಯಾಯ. ಹೊಸಬನೊಬ್ಬನು ಜೊತೆಗಾರರ ಲಯಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಸೆಟ್ಟೇ ಮುಗಿದಿರುತ್ತದೆ. ನೋಡುವವರಿಗೆ ಬೇಸರವಾದೀತೆಂದು ಆಟದ ಹೃದಯವನ್ನೇ ಕತ್ತರಿಸುವುದು ಯಾವ ನ್ಯಾಯ?

ಇಂಥ ಸಮಯದಲ್ಲಿ ನನ್ನ ಮನಸ್ಸು ಹೊಡೆತಗಾರ ಜಿಮ್ಮಿ ಜಾರ್ಜನತ್ತ ಹೋಗುತ್ತದೆ. ನಮ್ಮ ಕಾಸರಗೋಡಿಗೆ ನೆರೆಯ ಕಣ್ಣೂರು ಜಿಲ್ಲೆಯ ಪೇರಾವೂರಿನಲ್ಲಿ 1955ರಲ್ಲಿ ಹುಟ್ಟಿದ ಆತ ಮೊದಲು ಅಬುಧಾಬಿಯಲ್ಲಿ, ಬಳಿಕ ಇಟಲಿಯ ತಂಡಗಳಲ್ಲಿ ವೃತ್ತಿಪರನಾಗಿ ಆಡಿದನು. 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಕಂಚನ್ನು ತಂದ ತಂಡದಲ್ಲಿದ್ದನು. ಮರುವರ್ಷ ನವೆಂಬರ್ 30ರಂದು, ಇಟಲಿಯಲ್ಲಿಯೇ, ರಸ್ತೆಯ ಅಪಘಾತದಲ್ಲಿ ತೀರಿಕೊಂಡನು. ಆಗ ಅವನಿಗೆ ವಯಸ್ಸು ಮೂವತ್ತೆರಡು. ಅವನ ನೆಗೆತವನ್ನು ಕೊಂಡಾಡುವವರು ಬಹುಮಂದಿ. ಪರಭಾಷೆಯ ಊರಿನಲ್ಲಿ ಆ ನೆಗೆತದ ತುದಿಗೆ ಚೆಂಡನ್ನು ಮುಟ್ಟಿಸಿದ ಸೆಟ್ಟರುಗಳನ್ನು ನಾನು ನೆನೆಯುತ್ತೇನೆ; ಅವರು ಈ ಮಲಯಾಳಿ ತರುಣನ ಹೆಜ್ಜೆಯನ್ನು ಕಲಿತಿರದಿದ್ದರೆ ಇಟಲಿಯು ಅವನ ಬಲವನ್ನು ಅರಿಯುತ್ತಲೇ ಇರಲಿಲ್ಲ. ಬ್ರೆಷಾ ಪ್ರಾಂತದ ಮೊಂಟಿಕಿಯಾರಿ ಎಂಬ ಊರಿನವರು ತಮ್ಮ ಕ್ರೀಡಾಂಗಣಕ್ಕೆ ಪಾಲಾಜಾರ್ಜ್ ಎಂದು ಅವನ ಹೆಸರನ್ನೇ ಇಟ್ಟಿದ್ದಾರೆ.

ಬರುವ ಚಳಿಗಾಲದಲ್ಲಿ ಪಂದ್ಯಾಟಗಳಿಗೆ ತಂಡ ಕಟ್ಟುವ ಸಂಘಗಳವರಲ್ಲಿ ನನ್ನದೊಂದು ಪ್ರಾರ್ಥನೆ: ಪರವೂರಿನ ಹೊಡೆತಗಾರನನ್ನು ಬೇಕಾದರೆ ಹಿಂದಿನ ದಿನವೇ ಕರೆಸಿಕೊಳ್ಳಿ, ಸೆಟ್ಟರನನ್ನು ಮಾತ್ರ ಹದಿನೈದು ದಿನ ಮುಂಚಿತವಾಗಿ ಕರೆಸಿ, ಊಟವಿಟ್ಟು, ನಿಮ್ಮ ಹುಡುಗರೊಡನೆ ದಿನವೂ ಅಂಕಣಕ್ಕೆ ಇಳಿಸಿರಿ. ಸಂಭಾವನೆಯಲ್ಲಿ ಆ ಖರ್ಚಿನಷ್ಟನ್ನು ಕಡಿತ ಮಾಡಿದರೂ ಅವನು ಬಂದಾನು.