ಚಿನ್ನದೂರಿನ ಚಕ್ಕುಲಿ

ಕೋಲಾರದ ಚಿನ್ನದ ಗಣಿಗಳ ಹೆಸರನ್ನು ಕೇಳದ ಕನ್ನಡಿಗರು ವಿರಳ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿ ಕಾಲಿಟ್ಟರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯು ಬಂದಿತು. ಚಾಂಪಿಯನ್ ರೀಫ್ ಗಣಿಯು ಮೂರು ಸಾವಿರ ಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಕಾಲಕ್ರಮದಲ್ಲಿ ಅದಿರಿನ ಸತ್ತ್ವವು ಕ್ಷೀಣಿಸಿ, ವೆಚ್ಚವು ಆದಾಯವನ್ನು ಮೀರಲು, 2001ನೆಯ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು.

ಇಷ್ಟನ್ನು ನಾನು ಅನೇಕ ವರ್ಷ ಹುಡುಗರಿಗೆ ಪಾಠ ಹೇಳಿದ್ದೆನು. ಊರಿನ ಉಳಿದ ಕಥೆಯನ್ನು ಕಲಿತದ್ದು ಕಳೆದ ಮಾಘದಲ್ಲಿ, ರಾಬರ್ಟ್‌ಸನ್‌ಪೇಟೆಯ ಒಂದು ಚಿಕ್ಕ ತಿಂಡಿಯಂಗಡಿಯಲ್ಲಿ.

ಬಾಣಲೆಯ ಮುಂದೆ ಮನೆಯಾಕೆ ಕುಳಿತಿದ್ದರು. ಅಕ್ಕಿಹಿಟ್ಟಿಗೆ ಉದ್ದಿನ ಹಿಟ್ಟು, ಎಳ್ಳು, ಜೀರಿಗೆ, ಕಾಯಿಸಿದ ಎಣ್ಣೆ ಸೇರಿಸಿ ನಾದಿ, ಒರಳಿನಲ್ಲಿ ಒತ್ತುತ್ತಿದ್ದರು. ಸೈನೈಡ್ ದಿಬ್ಬಗಳ ಬೂದುಧೂಳು ಗಾಳಿಗೆ ಹಾರಿ ಬರುವುದರಿಂದ ಡಬ್ಬಗಳಿಗೆಲ್ಲ ಒದ್ದೆಬಟ್ಟೆ ಹೊದಿಸಿದ್ದಿತು. ಆಕೆ ತಮ್ಮ ತಮಿಳಿನಲ್ಲಿ 'ಮುರುಕ್ಕು' ಎಂದರು; ನಾನು 'ಚಕ್ಕುಲಿ' ಎಂದೆನು. ನಮ್ಮ ಚಕ್ಕುಲಿಯು ಸಂಸ್ಕೃತದ 'ಶಷ್ಕುಲೀ'ಯ ಬಂಧುವೆಂದು ಹೇಳಹೊರಟೆನು. "ಹೆಸರು ಯಾವುದಾದರೂ ಆಗಲಿ ಮೇಷ್ಟ್ರೇ, ನೊರೆ ಅಡಗಿದ ಮೇಲೆಯೇ ತೆಗೆಯಬೇಕು" ಎಂದು ಆಕೆ ನಕ್ಕರು. ನನ್ನ ಪಾಂಡಿತ್ಯವು ಅಲ್ಲಿಗೇ ನಿಂತಿತು.

ತಕ್ಕಡಿ ಹಿಡಿದಿದ್ದ ಯಜಮಾನರು ಹೇಳಿದರು: "ನಮ್ಮ ತಂದೆಯ ಕಾಲದಲ್ಲಿ ಗಣಿಯ ಸೈರನ್ನೇ ನಮಗೆ ಗಡಿಯಾರ, ಸ್ವಾಮಿ. ಪಾಳಿ ಮುಗಿಸಿ ಮೇಲೆ ಬಂದವರಿಗೆ ಬಿಸಿ ವಡೆ ಸಿದ್ಧವಿರಬೇಕು. ತಿಂಗಳೆಲ್ಲ ಕಡ, ಸಂಬಳದ ದಿನ ಲೆಕ್ಕ. ಗಣಿ ಮುಚ್ಚಿದ ವಾರ ತಂದೆಯವರು ಕಡದ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು, 'ಯಾರನ್ನೂ ಕೇಳಬೇಡ' ಎಂದರು. ನಾನು ಕೇಳಲಿಲ್ಲ. ಕೆಲವರು ತಾವಾಗಿಯೇ ಬಂದು ತೀರಿಸಿದರು. ಕೆಲವರು ಊರನ್ನೇ ಬಿಟ್ಟುಹೋದರು."

ಈಗ ಅವರ ಗಡಿಯಾರವು ರೈಲು. ನಸುಕಿನಲ್ಲಿ ಬೆಂಗಳೂರಿಗೆ ಕೂಲಿಗೂ ನೌಕರಿಗೂ ಹೋಗುವವರು ಸಹಸ್ರಾರು ಜನ. ಅವರಿಗಾಗಿ ನಾಲ್ಕು ಗಂಟೆಗೇ ಒಲೆ ಹೊತ್ತುವುದು. ಇವರ ಒಬ್ಬನೇ ಮಗನೂ ಅದೇ ರೈಲಿನಲ್ಲಿ ಕಾರ್ಖಾನೆಗೆ ಹೋಗುತ್ತಾನೆ. ಅಂಗಡಿಯ ಆದಾಯದಿಂದ ಸಂಸಾರ ಸಾಗದೆಂಬುದು ಅವನ ಮಾತು.

"ಮುಂದೆ?" ಎಂದು ಕೇಳಿದೆನು.

ಯಜಮಾನರು ಸುಮ್ಮನಾದರು. ಆಕೆ ಒರಳಿಗೆ ಹಿಟ್ಟು ತುಂಬುತ್ತ, "ಭಾನುವಾರ ಬಂದು ಅವನೇ ಒತ್ತುತ್ತಾನೆ, ಮೇಷ್ಟ್ರೇ. ನನಗಿಂತ ಸಣ್ಣ ಸುತ್ತು ಬರುತ್ತದೆ" ಎಂದರು.

ವಾಚಕರು ಆ ಕಡೆಗೆ ಹೋದರೆ ಪಾಳುಬಿದ್ದ ಗಣಿಗೋಪುರಗಳನ್ನು ನೋಡದೆ ಬರಲಾರರು. ಹಾಗೆಯೇ ಇಂಥ ಒಂದು ಅಂಗಡಿಯ ಮುಂದೆಯೂ ಕ್ಷಣಕಾಲ ನಿಂತು ಅರ್ಧ ಕಿಲೋ ಚಕ್ಕುಲಿ ಕಟ್ಟಿಸಿಕೊಳ್ಳಲಿ. ನಾನು ಕಟ್ಟಿಸಿಕೊಂಡದ್ದು ಮನೆ ಸೇರುವುದರೊಳಗೆ ಪಾಲು ಉಳಿದಿರಲಿಲ್ಲ.