ಯಕೃತ್ತು ನುಡಿದ ಸಾಕ್ಷಿ

ನಾವು ಬಾಲ್ಯದಿಂದಲೂ ಮಠದ ಪ್ರಸಾದವುಂಡು ಬೆಳೆದವರು. ಮದ್ಯದ ವಾಸನೆಯನ್ನೂ ಅರಿಯೆವು. ಆದರೂ ಅರುವತ್ತು ದಾಟಿದ ಮೇಲೆ ರಕ್ತಪರೀಕ್ಷೆಯ ಒಂದು ಹಾಳೆ ನಮ್ಮನ್ನು ತಲೆತಗ್ಗಿಸುವಂತೆ ಮಾಡಿತು.

ಸೋಮವಾರಪೇಟೆಯ ಕಡೆ ಮಳೆಗಾಲ ಹಿಡಿದಿತ್ತು. ಹೃದಯದ ದೌರ್ಬಲ್ಯಕ್ಕಾಗಿ ನಾವು ಕೆಲವು ತಿಂಗಳಿಂದ ಗುಳಿಗೆ ಸೇವಿಸುತ್ತಿದ್ದೆವು. ಆದರೂ ಮೆಟ್ಟಿಲೇರಿದರೆ ಏದುಸಿರು, ಸಂಜೆಯಾದರೆ ಪಾದಗಳಲ್ಲಿ ಬಾವು. ಪರೀಕ್ಷೆ ಮಾಡಿಸಿದಾಗ ಯಕೃತ್ತಿನ, ಅಂದರೆ ಪಿತ್ತಜನಕಾಂಗದ, ಕಿಣ್ವಗಳು ಮಿತಿಮೀರಿದ್ದವು. ಅದನ್ನು ನೋಡಿದ ಬಂಧುವೊಬ್ಬರು, "ಶಾಸ್ತ್ರಿಗಳೇ, ಇದು ಕುಡಿಯುವವರಿಗೆ ಬರುವುದಲ್ಲವೇ?" ಎಂದು ಮೆಲುದನಿಯಲ್ಲಿ ಕೇಳಿಬಿಟ್ಟರು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಗುಳಿಗೆಗಳೇ ಯಕೃತ್ತನ್ನು ಕೆಡಿಸಿರಬೇಕೆಂದು ಬಗೆದು, ಯಾರಿಗೂ ತಿಳಿಸದೆ ಅವನ್ನು ಬಿಟ್ಟೆವು. ಐದನೆಯ ದಿನ ಮಲಗಿದಲ್ಲಿಯೇ ಉಸಿರು ಕಟ್ಟತೊಡಗಿತು; ನಮ್ಮನ್ನು ಮೈಸೂರಿಗೆ ಒಯ್ಯಬೇಕಾಯಿತು.

ಅಲ್ಲಿನ ವೈದ್ಯರು ತಾಳ್ಮೆಯಿಂದ ತಿಳಿಯಹೇಳಿದರು. ಯಕೃತ್ತಿನಿಂದ ಹೊರಟ ರಕ್ತ ಹೃದಯದ ಬಲಭಾಗವನ್ನು ಸೇರಬೇಕು. ಆ ಭಾಗ ಸೋತರೆ, ತೂಬು ಮುಚ್ಚಿದ ಗದ್ದೆಯಲ್ಲಿ ನೀರು ನಿಂತಂತೆ ರಕ್ತ ಯಕೃತ್ತಿನಲ್ಲಿ ತುಂಬಿ ನಿಲ್ಲುತ್ತದೆ. ಆಗ ಜಿಜಿಟಿ, ಎಎಲ್‌ಪಿ ಎಂಬ ಕಿಣ್ವಗಳು ರಕ್ತದಲ್ಲಿ ಏರುತ್ತವೆ. ಯಕೃತ್ತಿಗೆ ರಕ್ತಪೂರೈಕೆ ಹಠಾತ್ತನೆ ಕುಸಿದರೆ ಎಎಲ್‌ಟಿ, ಎಎಸ್‌ಟಿಗಳು ಹಲವು ಪಟ್ಟು ಹೆಚ್ಚುತ್ತವೆ. ಎಎಸ್‌ಟಿ ಹೃದಯದ ಸ್ನಾಯುವಿನಲ್ಲಿಯೂ ಉಂಟು. ಹೃದಯಾಘಾತವಾದವರಲ್ಲಿ ಅದು ಏರುವುದನ್ನು ಅಮೆರಿಕದ ವೈದ್ಯರು 1954ರಲ್ಲಿ ಪ್ರಕಟಿಸಿದ ಮೇಲೆ, ಬಹುಕಾಲ ಅದು ಆಘಾತವನ್ನು ಗುರುತಿಸಲು ನೆರವಾಯಿತು. ಇಂದು ಆ ಸ್ಥಾನ ಟ್ರೋಪೊನಿನ್ ಪರೀಕ್ಷೆಗೆ ಸಂದಿದೆ.

ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆಯಿಂದಲೂ ಕಿಣ್ವಗಳು ತುಸು ಏರಬಹುದು. ಮಿತಿಯ ಮೂರು ಪಟ್ಟು ದಾಟದಿದ್ದರೆ ವೈದ್ಯರು ಸಾಮಾನ್ಯವಾಗಿ ಅದನ್ನು ನಿಲ್ಲಿಸದೆ ಮರುಪರೀಕ್ಷೆ ಮಾಡಿಸುತ್ತಾರೆ. ನಾವು ನಮ್ಮ ಕೊಡಗಿನ ಕಾಫಿಯನ್ನೂ ಶಂಕಿಸಿದ್ದೆವು. ವೈದ್ಯರು ನಕ್ಕು, ಕಾಫಿ ಕುಡಿಯುವವರಲ್ಲಿ ಈ ಕಿಣ್ವಗಳು ಕಡಿಮೆಯಿರುವುದನ್ನೇ ಹಲವು ದೇಶಗಳ ಅಧ್ಯಯನಗಳು ಕಂಡಿವೆ ಎಂದರು.

ನೀರಿಳಿಸುವ ಔಷಧಿಯಿಂದ ಬಾವು ಇಳಿಯಿತು. ಕೆಲವು ವಾರಗಳಲ್ಲಿ ಕಿಣ್ವಗಳೂ ಇಳಿದವು. ನಮ್ಮ ಯಕೃತ್ತು ನುಡಿದದ್ದು ನಮ್ಮ ನಡತೆಯ ಮೇಲಿನ ದೂರನ್ನಲ್ಲ, ಬಳಲಿದ ಹೃದಯದ ಪರವಾದ ಸಾಕ್ಷಿಯನ್ನು.

ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮದ್ಯದಿಂದ ಕಿಣ್ವಗಳು ಏರುವುದು ದಿಟ, ಏರಿದವರೆಲ್ಲ ಮದ್ಯಪಾನಿಗಳಲ್ಲ. ವರದಿಯ ಅಂಕಿಯನ್ನು ಕಂಡು ಮನೆಯ ಹಿರಿಯರನ್ನು ಶಂಕಿಸಬೇಡಿರಿ. ಹಿರಿಯರೂ ನಮ್ಮಂತೆ ನಾಚಿ ಗುಳಿಗೆಯನ್ನು ಬಿಡಬೇಡಿರಿ. ವೈದ್ಯರ ಮುಂದೆ ಬಾಯಿಬಿಟ್ಟು ಕೇಳಿರಿ. ನಾವು ಕೇಳಲು ಐದು ದಿನ ತಡಮಾಡಿದ್ದೆವು.